ಎಟುಕುವ ಎತ್ತರ

ನಂಜನಗೂಡಿನ ಮಾರ್ಟಿಗೆ ಹೊಸ ಮ್ಯಾನೇಜರಾಗಿ ಬಂದ ಅಮೃತೇಶನ ತಲೆ ಚೆನ್ನಾಗಿ ಓಡುತ್ತಿತ್ತು, ಅದರಲ್ಲಿ ಎರಡು ಮಾತಿಲ್ಲ. ಏನು ಮಾಡುವುದು, ಅದು ಓಡುತ್ತಿದ್ದುದು ಎಳೆ ಮಕ್ಕಳ ಹಿಂದೆ. ಹಿಂದೆ ಇದ್ದ ತಿ. ನರಸೀಪುರದ ಅಂಗಡಿಯಲ್ಲಿ ಚಿಪ್ಸು, ಚಾಕೊಲೇಟುಗಳನ್ನೆಲ್ಲ ಬಿಲ್ಲಿಂಗ್ ಕೌಂಟರಿನ ಪಕ್ಕ ಕೆಳಗಿನ ಸಾಲಿಗೆ ಇಳಿಸಿ ವ್ಯಾಪಾರ ಏರಿಸಿದ್ದನಂತೆ. ಅಮ್ಮಂದಿರು ಬಿಲ್ಲಿಗೆ ನಿಂತಿರುವಾಗ ಮಕ್ಕಳು ಕೈ ಹಾಕಬೇಕು, ಹಟ ಹಿಡಿಯಬೇಕು, ನಾಲ್ಕು ಜನರೆದುರು ಮರ್ಯಾದೆಗಂಜಿ ಅಮ್ಮಂದಿರು ಕೊಡಿಸಬೇಕು. ಇಷ್ಟೇ ಅವನ ವಿದ್ಯೆ.

ನಂಜನಗೂಡಿನ ಮಾರ್ಟಿನಲ್ಲಿ ಸಾಮಾನು ಜೋಡಿಸುವ ಆಶಾರಾಣಿಗೆ ಇದನ್ನು ಕೇಳಿಯೇ ಮೈ ಉರಿಯಿತು. ಕವಲಂದೆಯ ಮನೆಯಲ್ಲಿ ಅವಳ ಐದು ವರ್ಷದ ಮಗಳು ಧನುಶ್ರೀ ಊಟದ ತಟ್ಟೆ ಕಂಡರೆ ಬಾಯಿ ಬಿಗಿಯುತ್ತಾಳೆ. ಅಜ್ಜಿ ಕೆಂಪಾಜಮ್ಮ ಚಿಪ್ಸು ಪುಡಿಮಾಡಿ ಮೊಸರನ್ನದ ಮೇಲೆ ಉದುರಿಸಿಕೊಟ್ಟರೆ, ಮೇಲಿನದನ್ನಷ್ಟೇ ನೆಕ್ಕಿ ಎದ್ದುಬಿಡುತ್ತಾಳೆ. ಮಗುವಿನ ರಕ್ತ ತೀರಾ ಕಡಿಮೆಯಾಗಿದೆ, ಪ್ಯಾಕೆಟ್ಟಿನ ತಿಂಡಿ ಬಿಡಿಸಿ ಊಟ ಮಾಡಿಸದಿದ್ದರೆ ಅಡ್ಮಿಟ್ ಮಾಡಬೇಕಾಗುತ್ತದೆ ಎಂದು ಡಾಕ್ಟರು ಹೇಳಿ ವಾರವೂ ಆಗಿಲ್ಲ. ಆದರೆ ಮನೆ ನಡೆಯುತ್ತಿದ್ದುದು ಅವಳ ಸಂಬಳದಲ್ಲೇ. ಇಲ್ಲೂ ಹಾಗೇ ಮಾಡೆಂದು ಅಮೃತೇಶ ಹೇಳಿದಾಗ, ಹಲ್ಲು ಕಚ್ಚಿಕೊಂಡು ಜೋಡಿಸಿದಳು.

"ಭಾನುವಾರ ನಿನ್ನ ಮಗೂನ ಕರ್ಕೊಂಡ್ ಬಾಮ್ಮ. ಕೈಗೆ ಎಟುಕುತ್ತೋ ಇಲ್ವೋ ನೋಡೋಣ" ಎಂದ ಅಮೃತೇಶ. ಕೆಲಸದ ಭಯಕ್ಕೆ ಅವಳು ಒಪ್ಪಿಕೊಂಡಳು.

ಭಾನುವಾರ ಅಂಗಡಿ ತುಂಬ ಜನ. ಧನುಶ್ರೀ ಅಮ್ಮನ ಕೈ ಕೊಡವಿ ನೇರ ಆ ಸಾಲಿಗೇ ಓಡಿದಳು. ಬೊಂಬೆ ಚಿತ್ರದ ಪ್ಯಾಕೆಟ್ಟೊಂದನ್ನು ಎದೆಗವಚಿಕೊಂಡಳು. ಆಶಾರಾಣಿ ಕಿತ್ತುಕೊಂಡದ್ದೇ ತಡ, ನೆಲದ ಮೇಲೆ ಹೊರಳಾಡಿ ಅಳತೊಡಗಿದಳು.

ಅಮೃತೇಶ ಚಪ್ಪಾಳೆ ತಟ್ಟುವುದೊಂದು ಬಾಕಿ. "ಸರಿಯಾಗಿ ಎಟುಕ್ತು! ಕೊಡಮ್ಮ, ನನ್ನ ಲೆಕ್ಕದಲ್ಲಿ ಇರಲಿ."

ತನ್ನ ಕೂಸನ್ನೇ ಅಳತೆಗೋಲು ಮಾಡಿದನಲ್ಲ ಎಂದು ಆಶಾರಾಣಿಗೆ ನಾಚಿಕೆಯೂ ಸಿಟ್ಟೂ ಒಟ್ಟಿಗೆ ಉಕ್ಕಿದವು. ಕೆಳಗಿನ ಪ್ಯಾಕೆಟ್ಟುಗಳನ್ನೆಲ್ಲ ಮಡಿಲಿಗೆ ತುಂಬಿಕೊಂಡು ಸ್ಟೂಲು ಹತ್ತಿದಳು. ದೊಡ್ಡವರಿಗೂ ಕೈಗೆ ಸಿಗದ ತುದಿಯ ಸಾಲಿನಲ್ಲಿ ಒಟ್ಟಿದಳು.

"ಏನಮ್ಮ ಇದು? ಮಗು ಅಳ್ತಿದೆ!"

"ಅಳ್ಲಿ ಸಾ. ಅತ್ರೆ ಏನೂ ಆಗಕಿಲ್ಲ. ಇದ್ನೇ ತಿಂದ್ಕಂಡು ಆಸ್ಪತ್ರೆ ಸೇರದು ಬ್ಯಾಡ. ಬೇಕಾದೋರು ಕೇಳಿ ಇಸ್ಕತ್ತಾರೆ."

ಬಿಲ್ಲಿಗೆ ನಿಂತಿದ್ದ ಮುದುಕಿಯೊಬ್ಬಳು ಮೊಮ್ಮಗನ ಕೈಯಲ್ಲಿದ್ದುದನ್ನು ಕಸಿದು ಅವಳತ್ತ ಚಾಚಿದಳು. "ಇದ್ನೂ ಮ್ಯಾಕ್ಕೆ ಮಡುಗವ್ವ."

ಅಮೃತೇಶನ ಮುಖ ಕೆಂಪಾಯಿತು. "ನಾಳೆಯಿಂದ ನೀನು ಬರೋದೇ ಬೇಡ."

ಆಶಾರಾಣಿ ಸ್ಟೂಲಿನಿಂದ ಇಳಿದು, ಮಗಳನ್ನು ಎತ್ತಿ ಸೊಂಟಕ್ಕಿಟ್ಟುಕೊಂಡಳು. "ಬತ್ತೀನಿ ಸಾ. ಗಿರಾಕಿಯಾಗಿ ಬತ್ತೀನಿ, ಮಗೀನೂ ಕರ್ಕಂಡೇ ಬತ್ತೀನಿ. ಬ್ಯಾಳೆ ತಕಂಡು, ಇದ್ನ ಮುಟ್ದೆ ಓಗೋದ ಕಲಿಸ್ತೀನಿ. ಅದೆಂಗೆ ತಡೀತೀರೋ ನೋಡಾನ."

ಬಸ್‌ಸ್ಟ್ಯಾಂಡಿನವರೆಗೂ ಧನುಶ್ರೀ ಅತ್ತಳು. ದಾರಿಯುದ್ದಕ್ಕೂ ಅಂಗಡಿಗಳ ಮುಂದೆ ಪ್ಯಾಕೆಟ್ಟಿನ ಸರಗಳು ತೂಗುತ್ತಿದ್ದವು. ಜನ ತಿರುಗಿ ತಿರುಗಿ ನೋಡಿದರು. ಆಶಾರಾಣಿ ಎಲ್ಲೂ ನಿಲ್ಲಲಿಲ್ಲ.

"ಅಳು ಮಗ್ಳೇ" ಎಂದಳು, ಅವಳ ಬೆನ್ನು ಸವರುತ್ತ. "ಚೆಂದಾಗಿ ಅಸಿವಾಗೋ ಗಂಟ ಅಳು. ಮನೇಲಿ ಮುದ್ದೆ ಅದೆ."