ಕೋಟಣ್ಣನ ಕೂಗಿನ ಸರದಿ

ಬಿರುಬೇಸಿಗೆಯಲ್ಲಿ, ನಾಯಿಗಳೂ ನೆರಳು ಹುಡುಕಿ ನಾಲಗೆ ಚಾಚಿ ಮಲಗಿರುವ ಹೊತ್ತಿನಲ್ಲಿ, ಉಣ್ಣೆಯ ಕೋಟಿನ ಮೂರೂ ಗುಂಡಿ ಬಿಗಿದುಕೊಂಡು, ಆಗತಾನೇ ಒರೆಸಿದ ನೆಲದ ಮೇಲೆ ಕಾಲಿಡುವವನಂತೆ ಹುಷಾರಾಗಿ ನಡೆದುಬರುವ ದರ್ಜಿಯನ್ನು ಕಂಡರೆ ಹೊಸಬರಿಗೆ ನಗು ಬರುತ್ತದೆ. ಕೋಟು ಅವನದೇ ಹೊಲಿಗೆ: ಎಡಕ್ಕೆ ನೀರಿನ ಬಾಟಲಿಯ ಅಳತೆ ತೆಗೆದು ಇಟ್ಟ ಜೇಬು, ಬಲಕ್ಕೆ ಆಸ್ಪತ್ರೆಯ ಚೀಟಿಗಳದ್ದು. ಬೀದಿಯ ಬಾಯಲ್ಲಿ ಅವನು ಕೋಟಣ್ಣ.

ಅವನಿಗೆ ಹುಟ್ಟಿನಿಂದ ಬಂದ ಕಾಯಿಲೆ ಸಿಕಲ್ ಸೆಲ್. ದುಂಡಗಿರಬೇಕಾದ ರಕ್ತಕಣಗಳು ಕುಡುಗೋಲಿನಂತೆ ಬಾಗಿ ಸಣ್ಣ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಮೈಗೆ ಫ್ಯಾನಿನ ಗಾಳಿಯಷ್ಟು ಚಳಿ ತಗುಲಿದರೂ, ನೀರು ಕಡಿಮೆಯಾದರೆ, ಮೂಳೆಯೊಳಗಿಂದ ಯಾತನೆ ಏಳುತ್ತದೆ. ಆ ಯಾತನೆಯಲ್ಲೂ ಕೋಟಣ್ಣ ಆಡುತ್ತಿದ್ದುದು ಒಂದೇ ಮಾತು: "ಪುರುಸೊತ್ತಾದಾಗ ನೋಡಿ ಡಾಕ್ಟ್ರೇ, ಅವಸರ ಏನಿಲ್ಲ." ಆಸ್ಪತ್ರೆ ಒಮ್ಮೆ ಅದನ್ನು ಅಕ್ಷರಶಃ ಪಾಲಿಸಿತು, ನಾಲ್ಕು ಗಂಟೆ ಬೆಂಚಿನ ಮೇಲೆ ಕೂರಿಸಿತು. ರಕ್ತ ಸುರಿದರೆ ಕಾಣುತ್ತದೆ, ಮೂಳೆ ಮುರಿದರೆ ಎಕ್ಸ್‌ರೇಯಲ್ಲಿ ಮೂಡುತ್ತದೆ. ಬರೀ ನೋವೆಂದರೆ ಆಸ್ಪತ್ರೆಯ ಮಹಾಶಯರಿಗೆ ಸಾಕ್ಷಿ ಬೇಕು.

ಮಾತ್ರೆಗೆಂದು ಬಂದ ಬಸ್ ಕಂಡಕ್ಟರಮ್ಮ ಅವನಿಗೆ ಸಿಕ್ಕಿದ್ದು ಅದೇ ಬೆಂಚಿನಲ್ಲಿ. ಅವಳಿಗೂ ಅದೇ ಕಾಯಿಲೆ. ಗಂಟಲು ಮಾತ್ರ ತುಂಬಿದ ಬಸ್ಸಿನ ಹಿಂಬಾಗಿಲಿನಿಂದ ಡ್ರೈವರನ ಕಿವಿ ಮುಟ್ಟುವಂಥದು.

"ಅಣ್ಣಾ, ಬಾಯಿದ್ದೋನು ಬರಗಾಲದಲ್ಲೂ ಬದುಕ್ದ ಅಂತಾರೆ. ಕೂಗ್ರೀ!"

"ನಂಗೋಸ್ಕರ ನಾನೇ ಕೂಗೋದಾ? ನಾಚಿಕೆ ಆಗುತ್ತಮ್ಮಾ."

"ಹಾಗಾದ್ರೆ ತಗೊಳ್ಳಿ, ನಾನೇ ಕೂಗ್ತೀನಿ."

ಅವಳು ಕೂಗಿದ ರಭಸಕ್ಕೆ ನರ್ಸು ಅವಳನ್ನೇ ಸ್ಟ್ರೆಚರಿನಲ್ಲಿ ಮಲಗಿಸಿ ತಳ್ಳಿಕೊಂಡು ಹೊರಟಳು. ಕೋಟಣ್ಣ ಅವಳ ಚಪ್ಪಲಿ ಎತ್ತಿಕೊಂಡು, "ನಿಮಗೆ ತೊಂದ್ರೆ ಆಯ್ತು" ಎನ್ನುತ್ತ ಕುಂಟಿಕೊಂಡು ಹಿಂದೆ ಹೋದ. ಆ ಗಲಿಬಿಲಿಯಲ್ಲೇ ಅವನಿಗೆ ಇಂಜೆಕ್ಷನ್ ಸಿಕ್ಕಿತು.

ಸಂಘ ಹುಟ್ಟಿದ್ದು ಹೀಗೆ. ಅದೇ ಕಾಯಿಲೆಯ ಎಂಟು ಜನ ಭಾನುವಾರ ಅವನ ಅಂಗಡಿಯ ಬಟ್ಟೆಗಂಟುಗಳ ಮೇಲೆ ಕೂತು ನಿಯಮ ಮಾಡಿದರು: ನರಳುವವರ ಪರವಾಗಿ ಚೆನ್ನಾಗಿರುವವರು ಹೋಗಿ ಕೂಗಬೇಕು. ಸರದಿಯ ಪಟ್ಟಿ ಅಳತೆಪುಸ್ತಕದ ಹಿಂಬದಿಗೆ ಏರಿತು. ಕೋಟಣ್ಣ ಮಾತ್ರ ತನ್ನ ಸರದಿ ಬಂದಾಗಲೆಲ್ಲ ಸಂಘದ ಯಾರಿಗೋ ರವಿಕೆ ಹೊಲಿದುಕೊಟ್ಟು, ತನ್ನ ಬದಲು ಅವರನ್ನೇ ಕಳಿಸಿ ತಪ್ಪಿಸಿಕೊಳ್ಳುತ್ತಿದ್ದ.

ಕೊನೆಗೊಮ್ಮೆ ನೋವಿಗೆ ಬಿದ್ದವಳು ಕಂಡಕ್ಟರಮ್ಮನೇ, ಉಳಿದವರಾರೂ ಸಿಗಲಿಲ್ಲ. ಆಟೋದಲ್ಲಿ ಕರೆದೊಯ್ದ ಕೋಟಣ್ಣ ಕೌಂಟರಿನ ಮುಂದೆ ನಿಂತು, "ಸಿಸ್ಟರ್, ನಿಮಗೆ ಪುರುಸೊತ್ತಾದಾಗ…" ಎಂದು ಶುರುಮಾಡಿಯೇಬಿಟ್ಟ. ಬೆಂಚಿನಲ್ಲಿ ಮುದುಡಿದ್ದ ಅವಳು ಬೈಯಲೆಂದು ಬಾಯಿ ತೆರೆದಳು, ದನಿ ಹೊರಡಲಿಲ್ಲ. ಅವನ ಕೋಟನ್ನು ಹಿಡಿದು ಎಳೆದಳು. ನಡುವಿನ ಗುಂಡಿ ಕಿತ್ತು ನೆಲಕ್ಕೆ ಉರುಳಿತು.

"ಪುರುಸೊತ್ತಿಲ್ಲಾ!"

ಕೋಟಣ್ಣನ ಕೂಗಿಗೆ ಡಾಕ್ಟರರ ಕೈಯ ಚಹಾ ತುಳುಕಿತು.

"ಈಯಮ್ಮನ ಬಾಯೇ ನಿಂತುಹೋಗಿದೆ ಅಂದ್ರೆ ನೋವು ಎಷ್ಟಿರ್ಬೇಕು! ಸಾಕ್ಷಿ ಬೇಕೇನ್ರೀ? ಹೋಗಿ ಬಸ್ಸಿನೋರನ್ನ ಕೇಳಿ!"

ಐದೇ ನಿಮಿಷದಲ್ಲಿ ಅವಳಿಗೆ ಹಾಸಿಗೆ, ಹೊದಿಕೆ, ಇಂಜೆಕ್ಷನ್ ಎಲ್ಲ ಸಿಕ್ಕಿದವು. ಆಮೇಲೆ ಕೋಟಣ್ಣ ಡಾಕ್ಟರರಿಂದ ಕಾವಲುಗಾರನವರೆಗೆ ಒಬ್ಬೊಬ್ಬರ ಬಳಿಯೂ ಹೋಗಿ ಕ್ಷಮೆ ಕೇಳಿಬಂದ. ಸಂಜೆಗೆ ಕಂಡಕ್ಟರಮ್ಮನ ದನಿ ಮರಳಿತು: "ಪರವಾಗಿಲ್ಲ ಅಣ್ಣಾ. ಮುಂದಿನ ಸಲ ಹೊಟ್ಟೆಯಿಂದ ಕೂಗಿ."

ತನಗಾಗಿ ಒಂದು ಲೋಟ ನೀರು ಕೇಳಲೂ ಸಂಕೋಚಪಡುವ ಇಂಥವರು ಇನ್ನೊಬ್ಬರಿಗಾಗಿ ಬಾಗಿಲು ಮುರಿಯಬಲ್ಲರು. ಲೋಕ ಅವರನ್ನು ಸಾಧುವೆಂದು ಹೊಗಳಿ ಬೆಂಚಿನಲ್ಲೇ ಕೂರಿಸಿಬಿಡುತ್ತದೆ. ಹೊಗಳಿಕೆಯಿಂದ ಯಾರ ಮೂಳೆಯ ನೋವೂ ಇಳಿದದ್ದಿಲ್ಲ. ಅವರಿಗೆ ಬೇಕಾದದ್ದು ಪಕ್ಕದಲ್ಲಿ ಕೂತ ಇನ್ನೊಂದು ಗಂಟಲು.