ಹ್ಯಾಟಿಯ ತೌರುಮನೆ

ನಮ್ಮೆಜಮಾನರು ವಾಮನರಾಯರಿಗೆ ರಿಟೈರ್ ಆದ ಮೇಲೆ ಹಿಡಿದ ಹುಚ್ಚು ಹ್ಯಾಟಿ. ಗಾಬರಿಯಾಗಬೇಡಿ, ಆಕೆ ಸತ್ತು ನೂರು ವರ್ಷದ ಮೇಲಾಯಿತು. ನಮ್ಮ ಮಗ ಶ್ರೀಕರ ಮದುವೆಯಾಗೋ ಹುಡುಗಿ ಕ್ಲೇರ್, ಲೈಡನ್‌ನಲ್ಲಿ ರಿಸರ್ಚ್ ಮಾಡೋ ಅಮೆರಿಕದವಳು. ಅವಳ ಮುತ್ತಜ್ಜಿಯ ಅಜ್ಜಿ ಈ ಹ್ಯಾಟಿ. ನಾವಿರೋ ಇದೇ ಹಾಲೆಂಡಿನಿಂದ ಹಡಗು ಹತ್ತಿ ಮಿಶಿಗನ್‌ಗೆ ಹೋದವಳಂತೆ.

"ಹುಡುಗಿಯ ಕುಲ ಗೊತ್ತಾಗದೆ ನಾನು ಮಂಟಪಕ್ಕೆ ಕಾಲಿಡಲ್ಲ" ಅಂದುಬಿಟ್ಟರು ಇವರು. ದೊಡ್ಡ ದೊಡ್ಡ ಕಂಪನಿಗಳಿರೋ ಜೈಡಾಸ್‌ನ ಆಫೀಸಿನಲ್ಲಿ ಅಷ್ಟು ವರ್ಷ ಸಮಾನತೆ ಬಗ್ಗೆ ಭಾಷಣ ಬಿಗಿದ ಮನುಷ್ಯ! ಶ್ರೀಕರನ ಮುಖ ಸಪ್ಪಗಾಯಿತು. ಅಪ್ಪನನ್ನು ಬಿಟ್ಟು ತಾಳಿ ಕಟ್ಟೋ ಧೈರ್ಯ ಆ ಮೆತ್ತನೆಯವನಿಗೆಲ್ಲಿ ಬರಬೇಕು.

ಶುರುವಾಯಿತು ನೋಡಿ ಸಂಶೋಧನೆ. ಊಟಕ್ಕೆ ಕರೆದರೆ "ಶ್ಶ್, ಹ್ಯಾಟಿ ಸಿಕ್ತಿದ್ದಾಳೆ." ಸೊಪ್ಪು ತರೋಕೆ ಮೈ ಬಗ್ಗದವರು ಬೆಳಗಾದರೆ ರೈಲು ಹತ್ತಿ ಯಾವುದೋ ಊರಿನ ದಾಖಲೆ ಕಚೇರಿಗೆ ಓಡೋರು.

ಕೊನೆಗೊಂದು ಭಾನುವಾರ ಆಮರ್ಸ್‌ಫೋರ್ಟ್‌ನ ನಮ್ಮ ಮನೆಯಲ್ಲಿ ಶ್ರೀಕರ, ಕ್ಲೇರ್ ಇಬ್ಬರನ್ನೂ ಕೂರಿಸಿಕೊಂಡು ಇಂಗ್ಲಿಷಿನಲ್ಲಿ ಘೋಷಿಸಿದರು. "ಹ್ಯಾಟಿ ಅಲ್ಲ, ಹೆಂಡ್ರಿಕಾ ವಿಸ್ಸರ್! ಪಾದ್ರಿಯ ಮಗಳು. ಅಂದ್ರೆ ನಮ್ಮ ಹಾಗೇ ಪುರೋಹಿತರ ಮನೆತನ. ಅಮೆರಿಕದಲ್ಲಿ ಗಂಡನ ಹೆಸರಲ್ಲಿ ಮುಚ್ಚಿಹೋಗಿದ್ಲು. ಇಲ್ಲಿ ಹಾಗಲ್ಲ, ಮದುವೆಯಾದ್ರೂ ಹೆಂಗಸಿಗೆ ಕಾಗದದಲ್ಲಿ ತೌರಿನ ಹೆಸರೇ. ಎಂಥಾ ನಾಗರಿಕತೆ ನೋಡಿ!"

ಹಸಿ ಹೆರಿಂಗ್ ಮೀನು ನುಂಗೋ ಪುರೋಹಿತರು! ಹಾಳಾಗಲಿ, ಮದುವೆಗೆ ಒಪ್ಪಿದರಲ್ಲ ಅಂತ ಬಾಯಿ ಮುಚ್ಚಿಕೊಂಡೆ.

ಅಷ್ಟಕ್ಕೇ ನಿಲ್ಲಿಸಿದರೆ ಇವರು ಇವರೇ ಅಲ್ಲ. "ಸೊಸೇನ ಮನೆ ತುಂಬಿಸಿಕೊಳ್ಳುವಾಗ ತಟ್ಟೆ ಅಕ್ಕಿಯಲ್ಲಿ ಹೊಸ ಹೆಸರು ಬರೆಯೋದು ನಮ್ಮ ಪದ್ಧತಿ. ಕ್ಲೇರ್ ಬೇಡ. ಇಂಚರಾ ಅಂತ ಇಡೋಣ."

ಕ್ಲೇರ್ ಬೆಚ್ಚಿದಳು. ನಮ್ಮ ಸುಪುತ್ರ ಟೀಪಾಯಿ ನೋಡುತ್ತ ಕೂತ. ಆ ಹುಡುಗಿಯೇ ಮೆತ್ತಗೆ ಕೇಳಿದಳು. "ಅಂಕಲ್, ರುಕ್ಮಿಣಿ ಅನ್ನೋದೂ ಆಂಟಿಗೆ ಹೀಗೇ ಇಟ್ಟ ಹೆಸರಾ? ಮೊದಲು ಏನಿತ್ತು?"

"ಓ, ಇತ್ತಲ್ಲ... ಉಷಾ. ಅಲ್ವೇನೇ? ಉಮಾನಾ?" ಉಪ್ಪಿನ ಡಬ್ಬಿ ಎಲ್ಲಿ ಅಂತ ಕೇಳೋ ಹಾಗೆ ನನ್ನ ಕಡೆ ತಿರುಗಿದರು.

ಊರ್ಮಿಳಾ. ಗಂಡ ಬಿಟ್ಟುಹೋದವಳ ಹೆಸರು, ಅಪಶಕುನ ಅಂತ ನಮ್ಮತ್ತೆ ತಟ್ಟೆ ತಂದಿಟ್ಟರು. ಇದೇ ಮಹಾಶಯರು ಉಂಗುರದಲ್ಲಿ ರುಕ್ಮಿಣಿ ಅಂತ ಗೀಚಿದರು. ಅವತ್ತು ಬಚ್ಚಲಲ್ಲಿ ನಿಂತು ಅತ್ತಿದ್ದೆ.

ಈಗ ಆ ಹೆಸರು ಹೇಳಿಕೊಡಲಿಲ್ಲ ನಾನು. "ನೀವೇ ಹುಡುಕಿ" ಅಂದೆ. "ಅದು ಸಿಗೋವರೆಗೂ ಈ ಹುಡುಗಿ ಕ್ಲೇರೇ. ಅಕ್ಕಿ ಡಬ್ಬ ನನ್ನ ಕೈಯಲ್ಲಿದೆ."

ಇವರು, ದೇವರಾಣೆ, ಲ್ಯಾಪ್‌ಟಾಪ್ ತೆರೆದರು.