ಬಾರ್ಬಡೋಸಿಗೆ ಹೊರಟವನ ತಾಯಿ

ಹೊರಡುವುದಕ್ಕೆ ಇನ್ನೂ ಎಂಟು ದಿನ ಇತ್ತು, ಆಗಲೇ ರುದ್ರೇಶ ಮನೆಯಲ್ಲಿ ಮೀನಾಗಿಬಿಟ್ಟಿದ್ದ. ಕಣ್ಣು ಮೂಗು ಎರಡನ್ನೂ ಮುಚ್ಚುವ ಗಾಜಿನ ಮಾಸ್ಕು, ಬಾಯಲ್ಲಿ ಕಚ್ಚಿಕೊಳ್ಳುವ ಹಸಿರು ಕೊಳವೆ, ಕಾಲಿಗೆ ಬಾತುಕೋಳಿ ಪಾದದಂಥ ರಬ್ಬರು. ಇಷ್ಟನ್ನೂ ಏರಿಸಿಕೊಂಡು ವೆಂಬ್ಲಿಯ ಆರನೇ ಮಹಡಿಯ ಫ್ಲಾಟಿನಲ್ಲಿ ಸೋಫಾದಿಂದ ಫ್ರಿಜ್ಜಿನ ತನಕ ಫಟ್ ಫಟ್ ಎಂದು ನಡೆದ. ಕಿಟಕಿಯಾಚೆ ಫೆಬ್ರವರಿಯ ಜಿಟಿಜಿಟಿ ಮಳೆ, ಸ್ಟೇಡಿಯಮ್ಮಿನ ಕಮಾನು ಅರ್ಧ ಮೋಡದೊಳಗೆ. ನಲವತ್ತೆರಡರ ಗಂಡಸು, ಆಫೀಸಿನಲ್ಲಿ ಮೂವತ್ತು ಜನರಿಗೆ ಮ್ಯಾನೇಜರು, ಮನೆಯಲ್ಲಿ ಈ ಅವತಾರ. ಮಗಳು ಸಾನ್ವಿ ನಕ್ಕು ನಕ್ಕು ಕಾರ್ಪೆಟ್ಟಿನ ಮೇಲೆ ಹೊರಳಾಡಿದಳು. ಹೆಂಡತಿ ವಿಜಯಾ ಫೋಟೋ ತೆಗೆದಳು.

ನಾಗವ್ವ ನಗಲಿಲ್ಲ. ಕೊಳವೆಯೊಳಗಿಂದ ಬರುತ್ತಿದ್ದ ಮಗನ ಉಸಿರಿನ ಗೊರಗೊರ ಅವಳಿಗೆ ಹಳೆಯ ಪರಿಚಯ. ಮೂವತ್ತೈದು ವರ್ಷದ ಹಿಂದೆ ವಿಜಯಪುರದ ಮನೆಯ ಪಡಸಾಲೆಯಲ್ಲಿ, ಏಳು ವರ್ಷದ ಇದೇ ರುದ್ರೇಶ ಕಣ್ಣುಗುಡ್ಡೆ ಮೇಲೆ ಮಾಡಿ, ಕೈಕಾಲು ಸೆಟೆದು ಬಿದ್ದಿದ್ದಾಗ ಅವನ ಗಂಟಲಿಂದ ಬಂದದ್ದು ಇದೇ ಸದ್ದು.

ಆಗ ಯಾರೋ ಕೈಗೆ ಕಬ್ಬಿಣದ ಬೀಗದ ಕೈ ಕೊಟ್ಟರು, ಯಾರೋ ಮೂಗಿಗೆ ಉಳ್ಳಾಗಡ್ಡಿ ಹಿಡಿದರು. ಗಂಡ ಜಗದೇವಪ್ಪ ಮಾತ್ರ ಎದ್ದು ಹೋಗಿ ಬೀದಿ ಬಾಗಿಲು ಹಾಕಿದ. ಊರಿನ ಡಾಕ್ಟರ ಹತ್ತಿರ ಹೋದರೆ ಊರಿಗೆಲ್ಲ ಗೊತ್ತಾದೀತೆಂದು ಸೊಲ್ಲಾಪುರಕ್ಕೆ ಕರೆದುಕೊಂಡು ಹೋದರು. ಅಲ್ಲಿಯ ಡಾಕ್ಟರು ಫಿಟ್ಸ್ ಎಂದ, ಗುಳಿಗೆ ಬರೆದುಕೊಟ್ಟ. ಆರು ವರ್ಷ ನಾಗವ್ವ ಆ ಗುಳಿಗೆಯನ್ನು ಪುಡಿ ಮಾಡಿ ಬೆಲ್ಲದಲ್ಲಿಟ್ಟು, ಜಂತಿನ ಔಷಧ ಎಂದು ಹೇಳಿ ಮಗನಿಗೆ ತಿನ್ನಿಸಿದಳು. ಹದಿಮೂರಕ್ಕೆ ಬರುವುದು ನಿಂತಿತು, ಗುಳಿಗೆಯೂ ನಿಂತಿತು. ತನಗೇನಾಗಿತ್ತು ಎನ್ನುವುದು ಹುಡುಗನಿಗೇ ಗೊತ್ತಾಗಲಿಲ್ಲ. “ನಾಳೆ ಕನ್ಯಾ ಯಾರು ಕೊಡ್ತಾರ? ಬಾಯಿ ಬಿಟ್ಟೀಯಂದ್ರ ನೋಡು,” ಎಂದಿದ್ದ ಜಗದೇವಪ್ಪ. ಕನ್ಯೆ ನೋಡಲು ಧಾರವಾಡಕ್ಕೆ ಹೋದಾಗ ವಿಜಯಾಳ ತಂದೆ ಹುಡುಗನ ಆರೋಗ್ಯ ಹೇಗೆ ಎಂದು ಕೇಳಿದರು. “ಕಬ್ಬಿಣ ಇದ್ದಂಗ ಅದಾನ್ರಿ,” ಎಂದು ಜಗದೇವಪ್ಪ ಮೀಸೆ ತಿರುವಿದ. ನಾಗವ್ವ ಸೆರಗು ಸರಿ ಮಾಡಿಕೊಂಡು ಚಹಾದ ಬಟ್ಟಲು ನೋಡುತ್ತ ಕೂತಳು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂದು ಹಿರಿಯರು ಹೇಳಿಬಿಟ್ಟಿದ್ದಾರೆ. ಆ ಸಾವಿರದಲ್ಲಿ ಒಂದನ್ನು ಜೀವಮಾನವೆಲ್ಲ ಯಾರಾದರೂ ಹೊಟ್ಟೆಯಲ್ಲಿ ಹೊತ್ತು ತಿರುಗಬೇಕಾಗುತ್ತದೆ ಎಂದು ಮಾತ್ರ ಯಾವ ಹಿರಿಯನೂ ಹೇಳಲಿಲ್ಲ. ಜಗದೇವಪ್ಪ ಶಿವನ ಪಾದ ಸೇರಿ ನಾಲ್ಕು ವರ್ಷವಾಯಿತು. ಈಗ ಅದನ್ನು ಹೊರುವವಳು ಅವಳೊಬ್ಬಳೇ.

ಇಷ್ಟು ವರ್ಷ ಅದು ಹೊಟ್ಟೆಯಲ್ಲಿ ಸುಮ್ಮನೆ ಮಲಗಿತ್ತು. ಆರು ತಿಂಗಳ ವೀಸಾ ಮೇಲೆ ಮಗನ ಮನೆಗೆ ಬಂದ ಮೇಲೆ ಎದ್ದು ಕೂತಿತು. ಬಂದ ಎರಡನೇ ವಾರ ಈಲಿಂಗ್ ರಸ್ತೆಯ ಅಂಗಡಿಯಲ್ಲಿ ರುದ್ರೇಶ ಕೊತ್ತಂಬರಿ ಸಿವುಡು ಹಿಡಿದು ನಿಂತವನು ನಿಂತೇಬಿಟ್ಟ. ಕಣ್ಣು ತೆರೆದಿತ್ತು, ನೋಟ ಇರಲಿಲ್ಲ. ತುಟಿ ಮಾತ್ರ ಏನೋ ಚಪ್ಪರಿಸುವವರಂತೆ ಸಣ್ಣಗೆ ಆಡುತ್ತಿತ್ತು. ಹತ್ತು ಎಣಿಸುವಷ್ಟರಲ್ಲಿ ಸರಿಹೋದ, ಏನೂ ಆಗದವನ ಹಾಗೆ ಮೆಣಸಿನಕಾಯಿ ಆರಿಸತೊಡಗಿದ. ಇನ್ನೊಂದು ಸಲ ಬೆಳಗಿನ ತಿಂಡಿಯ ಹೊತ್ತಿಗೆ ಬಟ್ಟಲು ತುಂಬಿ ಹಾಲು ಮೇಜಿನ ಮೇಲೆ ಹರಿಯುತ್ತಿದ್ದರೂ ಸುರಿಯುತ್ತಲೇ ಇದ್ದ. ಸಾನ್ವಿಗೆ ಖುಷಿಯೋ ಖುಷಿ. ಅಜ್ಜಿಯನ್ನು ಆಯಿ ಎಂದು ಕರೆಯುವ ಆ ಹನ್ನೆರಡರ ಹುಡುಗಿಗೆ ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಬರುವುದು ಮಾತ್ರ ಇಂಗ್ಲಿಷಿನಲ್ಲಿ.

“ಆಯಿ, ಲುಕ್! ಡ್ಯಾಡ್ ಈಸ್ ಬಫರಿಂಗ್!”

ವಿಜಯಾ ಅಷ್ಟರಲ್ಲಿ ಆಫೀಸಿಗೆ ಹೊರಟುಹೋಗಿದ್ದಳು. ನಾಗವ್ವ ಹಾಲು ಒರೆಸಿದಳು. ಆಮೇಲೆ ಮೊಮ್ಮಗಳ ಜಡೆ ಹೆಣೆಯುತ್ತ, “ನಿಮ್ಮವ್ವಗ ಇದನ್ನ ಹೇಳಬ್ಯಾಡವ್ವಾ. ಮನ್ಯಾಗ ಸುಮ್ಮನ ಜಗಳ ಆಕ್ಕಾವ,” ಎಂದಳು. ಸಾನ್ವಿ ಕನ್ನಡಿಯಲ್ಲೇ ಅಜ್ಜಿಯ ಮುಖ ನೋಡಿದಳು, ನಗು ಹೋಯಿತು, ತಲೆಯಾಡಿಸಿದಳು. ಅದಾದ ಮೇಲೂ ಎರಡು ಸಲ ತಂದೆ ಹಾಗೆ ಕಲ್ಲಾಗಿ ಕೂತದ್ದನ್ನು ಹುಡುಗಿ ನೋಡಿದಳು, ಅಜ್ಜಿಯ ಕಡೆ ಒಮ್ಮೆ ನೋಡಿ ಬಾಯಿ ಮುಚ್ಚಿಕೊಂಡಳು.

ಬಾರ್ಬಡೋಸ್ ಎಂದರೆ ನಾಗವ್ವನಿಗೆ ಗಂಡನ ರೇಡಿಯೋದಲ್ಲಿ ಬರುತ್ತಿದ್ದ ಕ್ರಿಕೆಟ್ಟು, ಅಷ್ಟೇ. ಸ್ಕೂಲಿನ ರಜೆಗೆ ಒಂದು ವಾರ ಅಲ್ಲಿಗೆ ಹೋಗಿಬರಲು ಅವಳು ಬರುವ ಮೊದಲೇ ಮೂವರ ಟಿಕೆಟ್ ತೆಗೆದಾಗಿತ್ತು. ದಂಡೆಯ ಮೇಲೆ ಬಿದ್ದುಕೊಳ್ಳುವುದು, ದೋಣಿ ಹತ್ತುವುದು, ಮರಳಿನಲ್ಲೇ ಕುರ್ಚಿ ಹಾಕಿರುವ ಬಾರಿನಲ್ಲಿ ಕೂತು ಕುಡಿಯುವುದು, ನೀರಿನಲ್ಲಿ ಮುಖ ಅದ್ದಿಕೊಂಡು ಮೀನು ನೋಡುವುದು. ಒಂದು ವಾರದ ಪಂಚಾಂಗ ಅದು. ಈ ನಾಲ್ಕನೆಯದನ್ನು ಕೇಳಿದ ದಿನದಿಂದ ನಾಗವ್ವ ರಾತ್ರಿ ಎದ್ದು ಎದ್ದು ಮಗನ ಕೋಣೆಯ ಬಾಗಿಲಿಗೆ ಕಿವಿಗೊಡತೊಡಗಿದಳು.

ಹೊರಡುವ ಹಿಂದಿನ ದಿನ ಸಂಜೆ ವಿಜಯಾ ಲ್ಯಾಪ್‌ಟಾಪ್ ಮುಂದೆ ಕೂತು ದೋಣಿಯವರು ಕಳಿಸಿದ ಫಾರ್ಮ್ ತುಂಬುತ್ತಿದ್ದಳು. ನಾಗವ್ವ ಒಲೆಯ ಮುಂದೆ ಸಜ್ಜಿ ರೊಟ್ಟಿ ಬೇಯಿಸುತ್ತಿದ್ದಳು.

“ರೀ, ನಿಮಗ ಹಾರ್ಟ್ ಪ್ರಾಬ್ಲೆಮ್ ಏನರ ಐತೇನು?”

“ನೀನು ಇಟ್ಕೊಂಡೀಯಲ್ಲ ಹಾರ್ಟು, ನಿನ್ನನ್ನೇ ಕೇಳ್ಕೋ,” ಎಂದ ರುದ್ರೇಶ.

“ಸಾಕು ಬಿಡ್ರಿ. ಅಸ್ತಮಾ? ಇಲ್ಲ. ಕಿವಿ? ಇಲ್ಲ. ಫಿಟ್ಸ್, ಎಚ್ಚರ ತಪ್ಪೋದು? ಈಗಾಗಲಿ, ಸಣ್ಣವರಿದ್ದಾಗಾಗಲಿ?”

ನಾಗವ್ವನ ಕೈ ತವೆಯ ಮೇಲೆ ನಿಂತಿತು. ಬೆರಳ ತುದಿ ಸುಟ್ಟಿತು, ಸುಟ್ಟದ್ದು ಅವಳಿಗೆ ತಿಳಿಯಲಿಲ್ಲ. ಈಗ ಹೇಳಬೇಕು. ಹೇಳಿದರೆ ಮೊದಲು ಮಗನ ಕಾರು ಓಡಿಸುವ ಲೈಸೆನ್ಸು ಹೋಗುತ್ತದೆ, ಆಮೇಲೆ ಹದಿನೈದು ವರ್ಷದ ಸಂಸಾರ ಉಳಿಯುತ್ತದೋ ಇಲ್ಲವೋ. ಹೇಳದಿದ್ದರೆ ಮಗ ನೀರಿಗೆ ಇಳಿಯುತ್ತಾನೆ. ಬಿಸಿ ತುಪ್ಪ, ನುಂಗುವ ಹಾಗೂ ಇಲ್ಲ, ಉಗುಳುವ ಹಾಗೂ ಇಲ್ಲ.

“ಇಲ್ಲ ಅಂತ ಹಾಕು. ಏನು ಯವ್ವಾ, ನಾ ಸಣ್ಣಾಂವ ಇದ್ದಾಗ ಜಂತು ಬಿಟ್ರ ಮತ್ತೇನೂ ಇದ್ದಿದ್ದಿಲ್ಲಲ್ಲ?”

ಸಾನ್ವಿಯೂ ಸೇರಿ ಮೂವರೂ ಅವಳ ಕಡೆ ನೋಡಿದರು. ನಾಗವ್ವ ರೊಟ್ಟಿ ತಿರುವಿ ಹಾಕಿದಳು.

“ಏನೂ ಇದ್ದಿದ್ದಿಲ್ಲ,” ಎಂದಳು.

ಆಮೇಲೆ ಅಡ್ಡದಾರಿ ಹಿಡಿದಳು. ಮಾಸ್ಕು ಕೊಳವೆಗಳನ್ನು ತನ್ನ ಮಂಚದ ಕೆಳಗೆ, ಅಕ್ಕಿ ಚೀಲದ ಹಿಂದೆ ತಳ್ಳಿದಳು. ರುದ್ರೇಶ ಅರ್ಧ ತಾಸು ಹುಡುಕಿ, ಹೋಗಲಿ ಬಿಡು, ದೋಣಿಯವರೇ ಕೊಡುತ್ತಾರಂತೆ ಎಂದು ಕೈಬಿಟ್ಟ. ಕೊನೆಗೆ ಬೆಳಗ್ಗೆ ಲಿಫ್ಟಿನ ಮುಂದೆ ಮಗನ ತೋಳು ಹಿಡಿದು, “ರುದ್ರ್ಯಾ, ನೀರಿಗಿ ಇಳೀಬ್ಯಾಡೋ ಯಪ್ಪಾ. ನನಗ ಕನಸು ಬಿದ್ದೈತಿ,” ಎಂದಳು.

“ಯವ್ವಾ, ನಿನ್ನ ಕನಸಿನ್ಯಾಗ ನಾ ಎಂದರ ದಂಡಿ ಮ್ಯಾಲೆ ಕುಂತೀನೇನು? ಲಂಡನ್ನಿಗಿ ಬರೂ ಮುಂದನೂ ಹಿಂಗ ಅಂದಿದ್ದಿ,” ಎಂದು ಅವಳ ಹಣೆಗೆ ಹಣೆ ತಾಗಿಸಿ ಲಿಫ್ಟು ಹತ್ತಿದ. ಇಷ್ಟು ವರ್ಷದಲ್ಲಿ ಅವನ ಮುಂದೆ ಹೇಳಿದ ಸುಳ್ಳು ಕನಸುಗಳೇ ಹೆಚ್ಚು, ಇದನ್ನು ಅವನು ನಂಬಲಿಲ್ಲ ಎಂದು ಯಾರನ್ನು ಬೈಯುವುದು?

ಪಕ್ಕದ ಫ್ಲಾಟಿನ ಬೆಂಗಳೂರಿನ ಹುಡುಗಿ ಜಾಹ್ನವಿ ದಿನಕ್ಕೆ ಒಮ್ಮೆ ಬಂದು, “ಊಟ ಆಯ್ತಾ ಆಂಟಿ?” ಎಂದು ಕೇಳಿ ಹೋಗುತ್ತಿದ್ದಳು. ಉಳಿದ ಹೊತ್ತೆಲ್ಲ ನಾಗವ್ವನಿಗೆ ಫೋನೇ ದೇವರು. ಫೋಟೋ ಬರುತ್ತಿದ್ದವು. ಹೂವು ಸಿಕ್ಕಿಸಿದ ಗ್ಲಾಸು ಹಿಡಿದ ರುದ್ರೇಶ. ಅಗಲ ಟೋಪಿಯ ವಿಜಯಾ. ಬರಿಗಾಲಲ್ಲೇ ಬಾರಿನ ಮುಂದೆ ಕುಣಿಯುತ್ತಿರುವ ಸಾನ್ವಿ. ಹಿಂದೆಲ್ಲ ನೀಲಿ ನೀರು, ತೆರೆಯಿಲ್ಲ, ಸದ್ದಿಲ್ಲ. ಪ್ರತಿ ಫೋಟೋದಲ್ಲೂ ನಾಗವ್ವ ಮೊದಲು ನೋಡುತ್ತಿದ್ದುದು ಮಗನ ಕಣ್ಣನ್ನು. ನೋಟ ಇದೆಯೇ ಎಂದು ಬೆರಳಿನಿಂದ ದೊಡ್ಡದು ಮಾಡಿ ಮಾಡಿ ನೋಡುತ್ತಿದ್ದಳು. ಎರಡು ದಿನ ನೋಟ ಇತ್ತು.

ಮೂರನೇ ದಿನ ಮಧ್ಯಾಹ್ನ ಮೂರಕ್ಕೆ, ಮೆಂತ್ಯೆ ಸೊಪ್ಪು ಬಿಡಿಸುತ್ತ ಕೂತಿದ್ದಾಗ ಸಾನ್ವಿಯ ವಿಡಿಯೋ ಕಾಲ್ ಬಂತು. ಅಲ್ಲಿ ಬೆಳಗಿನ ಹನ್ನೊಂದು. ದೋಣಿಯಲ್ಲಿ ಹಾಡು ಹಾಕಿದ್ದರು, ವಿಜಯಾ ಕಪ್ಪು ಕನ್ನಡಕ ಹಾಕಿಕೊಂಡು ಕಾಲು ಚಾಚಿ ಮಲಗಿದ್ದಳು. ಹುಡುಗಿ ಫೋನನ್ನು ನೀರಿನ ಕಡೆ ತಿರುಗಿಸಿದಳು. ಐದಾರು ಜನ ಕವುಚಿ ಬಿದ್ದು ತೇಲುತ್ತಿದ್ದರು, ಮೇಲೆ ಕೊಳವೆ ಮಾತ್ರ.

“ಆಯಿ, ಟರ್ಟಲ್ಸ್! ಅಂಡ್ ದಟ್ಸ್ ಡ್ಯಾಡ್, ಯೆಲ್ಲೋ ಜಾಕೆಟ್. ಹೀ ಈಸ್ ಸೋ ಚಿಲ್ಡ್, ಲುಕ್.”

ನಾಗವ್ವ ನೋಡಿದಳು. ಉಳಿದವರೆಲ್ಲರ ಕಾಲು ಅಲ್ಲಾಡುತ್ತಿದ್ದವು. ಹಳದಿ ಜಾಕೆಟ್ಟಿನವನ ಕಾಲು ಮೊದಲು ಸೆಟೆದವು, ಸಣ್ಣಗೆ ಅದುರಿದವು, ಆಮೇಲೆ ನಿಂತವು. ಜಾಕೆಟ್ಟು ಬೆನ್ನನ್ನು ಚೆಂದವಾಗಿ ತೇಲಿಸಿ ಹಿಡಿದಿತ್ತು. ಮುಖ ನೀರೊಳಗಿತ್ತು. ಮೀನು ನೋಡುವವನೂ ಹಾಗೇ ಕಾಣುತ್ತಾನೆ, ಸಾಯುತ್ತಿರುವವನೂ ಹಾಗೇ ಕಾಣುತ್ತಾನೆ.

“ಎತ್ರಿ! ಎತ್ರಿ ಅವನ್ನ! ವಿಜಯಾ!”

“ಏನಾತ್ರಿ ಅತ್ತಿ? ಈಜಾಕತ್ತಾರ ಅವರು, ಅಂಜಬ್ಯಾಡ್ರಿ,” ಎಂದು ವಿಜಯಾ ಮಲಗಿದಲ್ಲಿಂದಲೇ ನಕ್ಕಳು.

“ಈಜಾಕತ್ತಿಲ್ಲ ಅಂವ! ಎತ್ರಿ!”

ಆ ಹೊತ್ತಿನಲ್ಲೂ ನಾಗವ್ವನ ಬಾಯಿಗೆ ಫಿಟ್ಸ್ ಎಂಬ ಆ ಒಂದು ಶಬ್ದ ಬರಲಿಲ್ಲ. ಬಂದಿದ್ದರೆ ವಿಜಯಾ ಆಗಲೇ ಏಳುತ್ತಿದ್ದಳು. ಈಗ ಅವಳು ನಿಧಾನಕ್ಕೆ ಎದ್ದು, ಕನ್ನಡಕ ತೆಗೆದು, ಕಣ್ಣಿಗೆ ಕೈ ಅಡ್ಡ ಹಿಡಿದು, ಗಂಡನ ಹೆಸರು ಹಿಡಿದು ಎರಡು ಸಲ ಕರೆದು, ಆಮೇಲೆ ಕಿರುಚಿದಳು. ಅಷ್ಟು ಹೊತ್ತು ವ್ಯರ್ಥವಾಗಿ ಹೋಯಿತು. ಫೋನು ದೋಣಿಯ ಹಲಗೆಯ ಮೇಲೆ ಬಿತ್ತು. ಆಕಾಶ ಕಂಡಿತು, ಯಾರದೋ ಕಾಲು ಕಂಡಿತು, ಯಾರೋ ನೀರಿಗೆ ಧುಮುಕಿದ ಸದ್ದು. ಹಾಡು ಮಾತ್ರ ನಡೆದೇ ಇತ್ತು. ಕಾಲ್ ಕಟ್ಟಾಯಿತು.

ಒಂದು ತಾಸು ನಲವತ್ತು ನಿಮಿಷ. ನಾಗವ್ವ ಮಾಡಿದ ಕಾಲ್ ಯಾರೂ ಎತ್ತಲಿಲ್ಲ. ಜಾಹ್ನವಿಯ ಬಾಗಿಲು ಬಡಿದಳು, ಅವಳು ಕೆಲಸದಿಂದ ಬಂದಿರಲಿಲ್ಲ. ವಿಭೂತಿ ಹಚ್ಚಿಕೊಂಡು ಕೂತಳು, ಜಪಕ್ಕೆ ಬಾಯಿ ಏಳಲಿಲ್ಲ. ಯಾವ ಮುಖ ಇಟ್ಟುಕೊಂಡು ಶಿವನನ್ನು ಕೇಳುವುದು? ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಯಿತು ಎಂದು ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡಳು. ಹೊರಗೆ ಕತ್ತಲಾಗುತ್ತಿತ್ತು.

ಸಾನ್ವಿಯ ಮುಖ ಫೋನಿನಲ್ಲಿ ಮತ್ತೆ ಬಂದಾಗ ಹಿಂದೆ ಆಸ್ಪತ್ರೆಯ ಬಿಳಿ ಗೋಡೆ ಇತ್ತು. ಹುಡುಗಿಯ ಕಣ್ಣು ಊದಿಕೊಂಡಿದ್ದವು. ನಾಲ್ಕು ಹೆಜ್ಜೆ ಆಚೆ, ಮುಚ್ಚಿದ ಬಾಗಿಲ ಮುಂದೆ ವಿಜಯಾ ಒದ್ದೆ ಟವೆಲು ಹೊದ್ದು ನಿಂತಿದ್ದಳು. ರುದ್ರೇಶ ಉಸಿರಾಡುತ್ತಿದ್ದ. ಎಚ್ಚರ ಇರಲಿಲ್ಲ. ಆಸ್ಪತ್ರೆಗೆ ಬಂದ ಮೇಲೆ ಇನ್ನೊಂದು ಸಲ ಮೈ ಅದುರಿತ್ತು. ನೀರು ಕುಡಿದು ಹೀಗಾಯಿತೋ, ಮೊದಲಿನಿಂದಲೂ ಇದ್ದ ರೋಗವೋ, ಅದು ತಿಳಿದರೆ ಔಷಧ ಯಾವುದೆಂದು ಬೇಗ ಗೊತ್ತಾಗುತ್ತದೆ ಎಂದು ನರ್ಸು ಕೇಳುತ್ತಿದ್ದಳು. ತನಗೆ ತಿಳಿದಂತೆ ಏನೂ ಇಲ್ಲ, ಬೇಕಾದರೆ ಅತ್ತೆಯನ್ನು ಕೇಳಿ ಎಂದು ವಿಜಯಾ ಫೋನಿನ ಕಡೆ ಕೈ ತೋರಿಸಿದ್ದಳು.

ಸಾನ್ವಿ ಅಂದು ಮೊದಲ ಸಲ ಅಜ್ಜಿಯ ಜೊತೆ ಕನ್ನಡದಲ್ಲಿ ಮಾತಾಡಿದಳು. ತಡವರಿಸಿ, ಒಂದೊಂದೇ ಶಬ್ದ ಹುಡುಕಿ ಮಾತಾಡಿದಳು.

“ಆಯಿ, ಡ್ಯಾಡಿಗೆ ಮೊದಲು, ಚಿಕ್ಕವರಿದ್ದಾಗ, ಹಿಂಗ ಆಗಿತ್ತಾ?”

“ಆಗಿತ್ತವ್ವಾ. ಏಳು ವರ್ಷದಾಂವ ಇದ್ದಾಗಿಂದ. ಫಿಟ್ಸ್. ಹದಿಮೂರರ ತನಕ ಗುಳಿಗಿ ಕೊಟ್ಟೀನಿ. ಈಗ ಮತ್ತ ಶುರು ಆಗ್ಯಾವ, ನೀನೂ ನೋಡೀದಿ. ಹೇಳು ಅವರಿಗೆ.”

ಇಷ್ಟೇ ಇತ್ತು ಮಾತು, ಬಾಗಿಲ ಮುಂದೆ ನಿಂತ ವಿಜಯಾಳ ಕಿವಿಗೆ ಬೀಳದಷ್ಟು ಸಣ್ಣ ದನಿಯಲ್ಲಿ. ಮೂವತ್ತೈದು ವರ್ಷ ಹೊತ್ತದ್ದು ಒಂದೇ ಉಸಿರಿನಲ್ಲಿ ಮುಗಿದುಹೋಯಿತು.

ಸಾನ್ವಿ ಅಜ್ಜಿಯನ್ನು ನೋಡಿದಳು. ತಲೆಯೆತ್ತಿ ತಾಯಿಯನ್ನು ನೋಡಿದಳು. ನರ್ಸು ಪೆನ್ನು ಹಿಡಿದು ಕಾಯುತ್ತಿದ್ದಳು.

“ಶೀ ಸೇಸ್ ನೋ,” ಎಂದಳು ಹುಡುಗಿ. “ನೆವರ್.”

ನಾಗವ್ವನಿಗೆ ಇಂಗ್ಲಿಷ್ ಬರುತ್ತಿದ್ದುದು ಅಷ್ಟಕ್ಕಷ್ಟೇ, ಆದರೆ ಈ ಎರಡು ಶಬ್ದ ತಿಳಿಯಲು ಅಷ್ಟು ಸಾಕಿತ್ತು. ನರ್ಸು ಬರೆದುಕೊಂಡಳು. ನಿಜ ಹೇಳಬೇಕೆಂದರೆ ಅರೆಗಳಿಗೆ ನಾಗವ್ವನ ಎದೆ ಹಗುರಾಯಿತು. ಯಾರಿಗೂ ಗೊತ್ತಾಗಲಿಲ್ಲ, ಇನ್ನೂ ಯಾರಿಗೂ ಗೊತ್ತಾಗಲಿಲ್ಲ! ಆ ಹಗುರಕ್ಕೆ ಅವಳಿಗೇ ಹೇಸಿಗೆಯಾಯಿತು. ನರ್ಸು ಒಳಗೆ ಹೋಗಲು ತಿರುಗಿದ್ದಳು.

“ನೋ ನೆವರ್! ನೋ ನೆವರ್!” ನಾಗವ್ವ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಕೂಗಿದಳು. “ಮೈ ಸನ್ ಫಿಟ್ಸ್! ಸೆವೆನ್ ಇಯರ್, ಫಿಟ್ಸ್! ಐ ನೋ! ಐ ನೋ!”

ನರ್ಸು ನಿಂತಳು. ಫೋನಿನ ಹತ್ತಿರ ಬಗ್ಗಿ ಇನ್ನೊಂದು ಸಲ ಕೇಳಿದಳು, ನಾಗವ್ವ ಇನ್ನೊಂದು ಸಲ ಹೇಳಿದಳು. ನರ್ಸು ಬಾಗಿಲು ತಳ್ಳಿಕೊಂಡು ಒಳಗೆ ಓಡಿದಳು. ವಿಜಯಾ ನಿಧಾನವಾಗಿ ಬಂದು ಮಗಳ ಕೈಯಿಂದ ಫೋನು ತೆಗೆದುಕೊಂಡಳು. ನಾಗವ್ವ ಕಾಯಲಿಲ್ಲ. ಪಡಸಾಲೆ, ಸೊಲ್ಲಾಪುರ, ಬೆಲ್ಲ, ಧಾರವಾಡದ ಚಹಾ, ಮೊನ್ನೆಯ ಫಾರ್ಮ್, ಎಲ್ಲವನ್ನೂ ಸೊಸೆಯ ಮುಖ ನೋಡುತ್ತಲೇ ಹೇಳಿದಳು. ಬೈಗುಳಕ್ಕೆ ತಯಾರಾಗಿದ್ದಳು. ಮದುವೆಯ ಮಾತು ಬರುತ್ತದೆ, ತೀರಿಹೋದ ಗಂಡನ ಹೆಸರು ಬರುತ್ತದೆ ಎಂದುಕೊಂಡಿದ್ದಳು.

ವಿಜಯಾ ಕೇಳಿದ್ದು ಒಂದೇ ಮಾತು.

“ನನ್ನ ಮಗಳಿಗೂ ಗೊತ್ತಿತ್ತೇನ್ರಿ?”

“ನೋಡಿದ್ಲು,” ಎಂದಳು ನಾಗವ್ವ. “ನಾನ ಹೇಳಬ್ಯಾಡ ಅಂದಿದ್ದೆ.”

ವಿಜಯಾ ಫೋನು ಹಿಡಿದಂತೆಯೇ ಮಗಳ ಕಡೆ ತಿರುಗಿದಳು. ಅವಳು ಕೈ ಎತ್ತಲಿಲ್ಲ. ಆದರೂ ಸಾನ್ವಿ ತಾಯಿಯಿಂದ ಎರಡು ಹೆಜ್ಜೆ ಹಿಂದೆ ಸರಿದು ಗೋಡೆಗೆ ಒತ್ತಿಕೊಂಡು ನಿಂತದ್ದನ್ನು ನಾಗವ್ವ ವೆಂಬ್ಲಿಯಲ್ಲಿ ಕೂತು ನೋಡಿದಳು.